ಆತ್ಮಸಾಕ್ಷಿಗೆ ಪರದೆ ಯಾಕೆ ಸ್ವಾಮಿ?

ನಮ್ಮ ಶಾಸಕರಿಗೆ ಆತ್ಮಸಾಕ್ಷಿ ಅನ್ನೋದು ಐದು ವರ್ಷಕ್ಕೊಮ್ಮೆ ಹುಟ್ಟುತ್ತೆ. ಬಜೆಟ್ ಮೇಲೆ ಮತ ಹಾಕುವಾಗ ಅದು ಇರೋದಿಲ್ಲ, ವಿಪ್ ಇರುತ್ತೆ. ವಿಶ್ವಾಸಮತದ ದಿನವೂ ಇರೋದಿಲ್ಲ, ಅವತ್ತು ರೆಸಾರ್ಟ್ ಇರುತ್ತೆ. ರಾಷ್ಟ್ರಪತಿ ಚುನಾವಣೆ ಬಂತು ಅಂದ್ರೆ ಮಾತ್ರ ಎಲ್ಲ ಪಕ್ಷದವರಿಗೂ ಆ ಪದ ನೆನಪಾಗುತ್ತೆ. "ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ" ಅಂತ ಎದುರು ಪಕ್ಷದ ಶಾಸಕರಿಗೆ ಕರೆ ಕೊಡ್ತಾರೆ. ತಮ್ಮ ಪಕ್ಷದವರಿಗೆ ಈ ಕರೆ ಕೊಡೋರು ಅಪರೂಪ. 1969ರಲ್ಲಿ ಒಬ್ಬರು ಕೊಟ್ಟಿದ್ದರು, ಆ ಕಥೆಗೆ ಆಮೇಲೆ ಬರ್ತೀನಿ.

ರಾಷ್ಟ್ರಪತಿಯನ್ನು ಆರಿಸುವವರು ಪಕ್ಷ ಹೇಳಿದಂತೆ ಮತ ಹಾಕಬೇಕಾ, ತಮಗೆ ಸರಿ ಕಂಡಂತೆ ಹಾಕಬೇಕಾ ಅನ್ನೋದು ಹಳೇ ಜಗಳ. ನನ್ನ ನಿಲುವು ಸರಳ. ತಮಗೆ ಸರಿ ಕಂಡಂತೆ ಹಾಕಲಿ, ಪೂರಾ ಸ್ವಾತಂತ್ರ್ಯ ಇರಲಿ. ಆದರೆ ಯಾರಿಗೆ ಹಾಕಿದ್ರು ಅಂತ ನನಗೆ ಗೊತ್ತಾಗಬೇಕು. ಸ್ವಾತಂತ್ರ್ಯವನ್ನೂ ಕೊಟ್ಟು, ಗುಟ್ಟನ್ನೂ ಕೊಟ್ಟರೆ ಅದು ಆತ್ಮಸಾಕ್ಷಿ ಅಲ್ಲ, ಕತ್ತಲೆ ಕೋಣೆ.

ಮೊದಲು ಲೆಕ್ಕ ನೋಡೋಣ. ರಾಷ್ಟ್ರಪತಿಗೆ ನೀವು ನಾನು ನೇರವಾಗಿ ಮತ ಹಾಕೋದಿಲ್ಲ. ಸಂವಿಧಾನದ 54ನೇ ವಿಧಿ ಪ್ರಕಾರ ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು, ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು, ಜೊತೆಗೆ ದೆಹಲಿ ಮತ್ತು ಪುದುಚೇರಿಯ ಶಾಸಕರು ಹಾಕ್ತಾರೆ. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ ಮತಪತ್ರ. ಶಾಸಕರ ಒಂದೊಂದು ಮತಕ್ಕೂ ಒಂದು ಬೆಲೆ ಇದೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಆ ಬೆಲೆ ಸಿಗುತ್ತೆ. ಲೆಕ್ಕಕ್ಕೆ ಹಿಡಿಯೋದು 1971ರ ಜನಗಣತಿಯನ್ನು. ಆಗ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224ರಿಂದ, ಆಮೇಲೆ 1000ದಿಂದ ಭಾಗಿಸಿ: 131. ಅಂದ್ರೆ ಕರ್ನಾಟಕದ ಪ್ರತಿ ಶಾಸಕರ ಮತದ ಬೆಲೆ 131, ಒಟ್ಟು 29,344.

ಈ 131ರಲ್ಲಿ ನಾನಿಲ್ಲ. 1971ರಲ್ಲಿ ನಾನು ಹುಟ್ಟಿರಲಿಲ್ಲ. ಆದರೆ ಅರೇಹಳ್ಳಿ ಹೋಬಳಿಯಲ್ಲಿ ಆಗ ಚಡ್ಡಿ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದ ನಮ್ಮಪ್ಪ ಇದ್ದಾರೆ, ನಮ್ಮಜ್ಜಿ ಇದ್ದಾರೆ, ಕಾಫಿ ತೋಟದ ಲೈನ್ ಮನೆಗಳಲ್ಲಿದ್ದ ಆಳುಕಾಳುಗಳಿದ್ದಾರೆ. ಶಾಸಕರ ಮತಕ್ಕೆ ತೂಕ ಬಂದಿರೋದು ಅವರ ಸ್ವಂತ ಮೈತೂಕದಿಂದ ಅಲ್ಲ, ಈ ಜನರ ತಲೆ ಎಣಿಸಿದ್ದರಿಂದ. ಇಷ್ಟು ಸ್ಪಷ್ಟವಾಗಿ "ಇದು ಜನರ ಮತ, ನೀನು ಬರೀ ಹೊತ್ತು ತರುವವನು" ಅಂತ ಹೇಳುವ ಲೆಕ್ಕ ನಮ್ಮ ಸಂವಿಧಾನದಲ್ಲಿ ಇನ್ನೊಂದು ಕಡೆ ಸಿಗೋದು ಕಷ್ಟ.

ಹಾಗಿದ್ರೆ ಹೊತ್ತು ತರುವವನು ಪಕ್ಷ ಹೇಳಿದ ಜಾಗಕ್ಕೇ ಇಳಿಸಬೇಕಲ್ವಾ ಅಂತ ಕೇಳಬಹುದು. ಅಮೆರಿಕದಲ್ಲಿ ಹೆಚ್ಚುಕಮ್ಮಿ ಹಾಗೇ ಆಗಿದೆ. ಅಲ್ಲಿ ಅಧ್ಯಕ್ಷರನ್ನು ಆರಿಸೋದು 538 ಜನ ಎಲೆಕ್ಟರುಗಳು. 2016ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹಿಲರಿ ಕ್ಲಿಂಟನ್ ಗೆದ್ದರೂ ಅಲ್ಲಿನ ಮೂವರು ಎಲೆಕ್ಟರುಗಳು ಕಾಲಿನ್ ಪೊವೆಲ್ ಹೆಸರು ಬರೆದರು. ರಾಜ್ಯ ಅವರಿಗೆ ತಲಾ ಸಾವಿರ ಡಾಲರ್ ದಂಡ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2020ರ ಜುಲೈನಲ್ಲಿ ಕೋರ್ಟು ಒಮ್ಮತದಿಂದ ಹೇಳಿತು: ಎಲೆಕ್ಟರುಗಳನ್ನು ಕೊಟ್ಟ ಮಾತಿಗೆ ಕಟ್ಟಿಹಾಕುವ ಅಧಿಕಾರ ರಾಜ್ಯಗಳಿಗಿದೆ.

ಅಲ್ಲಿಗೆ ಅದು ಸರಿ. ಯಾಕೆ ಅಂದ್ರೆ ಅಲ್ಲಿನ ಮತದಾರ ಮತ ಹಾಕುವಾಗ ಅವನ ಮುಂದಿನ ಪತ್ರದಲ್ಲಿ ಅಧ್ಯಕ್ಷ ಅಭ್ಯರ್ಥಿಯ ಹೆಸರೇ ಇರುತ್ತೆ. ಎಲೆಕ್ಟರ್ ಬರೀ ಪೋಸ್ಟ್‌ಮ್ಯಾನ್. ಕೊಟ್ಟ ಕಾಗದವನ್ನು ಬರೆದ ವಿಳಾಸಕ್ಕೆ ಮುಟ್ಟಿಸಬೇಕು, ಪಕ್ಕದ ಮನೆಗೆ ಹಾಕಿದರೆ ತಪ್ಪು. ನಮ್ಮಲ್ಲಿ ಹಾಗಿಲ್ಲ. ಬೇಲೂರು ಕ್ಷೇತ್ರದಲ್ಲಿ ಮತ ಹಾಕುವವರು ರಸ್ತೆ ನೋಡಿ ಹಾಕಿರ್ತಾರೆ, ಆನೆ ಕಾಟ ನೋಡಿ ಹಾಕಿರ್ತಾರೆ, ಜಾತಿ ನೋಡಿ ಹಾಕಿರ್ತಾರೆ, ಯಾರ ಮದುವೆಗೆ ಯಾರು ಬಂದಿದ್ದರು ಅಂತ ನೋಡಿಯೂ ಹಾಕಿರ್ತಾರೆ. ರಾಷ್ಟ್ರಪತಿ ಯಾರಾಗಬೇಕು ಅನ್ನೋ ಪ್ರಶ್ನೆಯನ್ನು ಅವತ್ತು ಅವರಿಗೆ ಯಾರೂ ಕೇಳಿರೋದಿಲ್ಲ. ಕೇಳದ ಪ್ರಶ್ನೆಗೆ ಮತದಾರ ಉತ್ತರ ಕೊಟ್ಟಿದ್ದಾನೆ ಅಂತ ಪಕ್ಷದ ಹೈಕಮಾಂಡ್ ಹೇಗೆ ಹೇಳುತ್ತೆ? ನಾನು ಹೇಳದೇ ಇದ್ದ ವಿಷಯದಲ್ಲಿ ನನ್ನ ಪ್ರತಿನಿಧಿ ಸ್ವಂತ ಬುದ್ಧಿ ಉಪಯೋಗಿಸಬೇಕು. ಅದಕ್ಕೇ ತಾನೆ ಅವನನ್ನು ಆರಿಸಿರೋದು?

ನಮ್ಮ ವ್ಯವಸ್ಥೆಯೂ ಇದನ್ನು ಒಪ್ಪಿದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡುವಂತಿಲ್ಲ ಅಂತ ಚುನಾವಣಾ ಆಯೋಗ ಸ್ಪಷ್ಟವಾಗಿ ಹೇಳಿದೆ. ಬೇರೆ ಪಕ್ಷದ ಅಭ್ಯರ್ಥಿಗೆ ಹಾಕಿದರೂ ಪಕ್ಷಾಂತರ ನಿಷೇಧದ ಹತ್ತನೇ ಪರಿಚ್ಛೇದ ತಾಗೋದಿಲ್ಲ, ಶಾಸಕಗಿರಿ ಹೋಗೋದಿಲ್ಲ. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಶುರುವಾಗೋದು 55ನೇ ವಿಧಿಯ ಮೂರನೇ ಉಪವಿಧಿಯಲ್ಲಿ. ಮತದಾನ ಗುಪ್ತವಾಗಿರಬೇಕು ಅಂತ ಅಲ್ಲಿದೆ. ಗುಟ್ಟು ಒಡೆಯಬಾರದು ಅಂತ ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತೆ, ಎಲ್ಲರೂ ಅದರಲ್ಲೇ ಬರೀಬೇಕು. ಫಲಿತಾಂಶ ಬಂದ ಮೇಲೆ ಯಾವ ರಾಜ್ಯದಲ್ಲಿ ಯಾರಿಗೆ ಎಷ್ಟು ಅಂತ ಗೊತ್ತಾಗುತ್ತೆ. ಯಾವ ಶಾಸಕ ಯಾರಿಗೆ ಅಂತ ಗೊತ್ತಾಗೋದಿಲ್ಲ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ 2022ರ ಕೇರಳ ನೋಡಿ. ಅಲ್ಲಿ 140 ಶಾಸಕರು, ಎಲ್ಲರೂ ಎಡರಂಗ ಇಲ್ಲಾ ಕಾಂಗ್ರೆಸ್ ನೇತೃತ್ವದ ರಂಗದವರು. ಬಿಜೆಪಿಯ ಒಬ್ಬ ಶಾಸಕರೂ ಇರಲಿಲ್ಲ. ಎರಡೂ ರಂಗ ಯಶವಂತ ಸಿನ್ಹಾ ಪರ. ಎಣಿಸಿದಾಗ ಸಿನ್ಹಾ ಅವರಿಗೆ 139, ದ್ರೌಪದಿ ಮುರ್ಮು ಅವರಿಗೆ 1. ಆ ಒಬ್ಬರು ಯಾರು? ಇವತ್ತಿಗೂ ಗೊತ್ತಿಲ್ಲ. ಆ ಶಾಸಕರು ತಪ್ಪು ಮಾಡಿದರು ಅಂತ ನಾನು ಹೇಳ್ತಿಲ್ಲ. ದೇಶಕ್ಕೆ ಮೊದಲ ಬಾರಿ ಒಬ್ಬ ಆದಿವಾಸಿ ಹೆಣ್ಣುಮಗಳು ರಾಷ್ಟ್ರಪತಿ ಆಗಲಿ ಅಂತ ಅವರಿಗೆ ಅನ್ನಿಸಿರಬಹುದು, ಅದು ಗೌರವದ ಮಾತೇ. ಆದರೆ ಅಷ್ಟು ಒಳ್ಳೇ ಕಾರಣ ಇದ್ದರೂ ಅವರು ಅದನ್ನು ಜನರ ಮುಂದೆ ಹೇಳಲೇ ಇಲ್ಲ. ಮಂಜೇಶ್ವರದ, ಕಾಸರಗೋಡಿನ ನಮ್ಮ ಕನ್ನಡಿಗರೂ ಸೇರಿ 140 ಕ್ಷೇತ್ರಗಳ ಮತದಾರರಲ್ಲಿ ಯಾರಿಗೂ ತಮ್ಮ ಶಾಸಕರು ಏನು ಮಾಡಿದರು ಅಂತ ಖಾತ್ರಿಯಿಲ್ಲ. ಒಬ್ಬರ ಆತ್ಮಸಾಕ್ಷಿಯ ನೆರಳು ಉಳಿದ 139 ಜನರ ಮೇಲೆ ಅನುಮಾನವಾಗಿ ಬಿತ್ತು.

ಈಗ 1969ಕ್ಕೆ ಬರೋಣ. ಇದು ನಮ್ಮ ಬೆಂಗಳೂರಿನಲ್ಲೇ ಶುರುವಾದ ಕಥೆ. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಪಕ್ಷದ ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ಮೊದಲು ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದರು. ಆಮೇಲೆ ವಿಪ್ ಕೊಡಲು ಒಪ್ಪಲಿಲ್ಲ, ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಎದುರಿಗೆ ಸ್ವತಂತ್ರ ಅಭ್ಯರ್ಥಿಯಾಗಿ ವಿ.ವಿ. ಗಿರಿ, ಕೆಲವು ವರ್ಷ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ಗಿರಿ 4,20,077, ರೆಡ್ಡಿ 4,05,427. ಅಂತರ ಬರೀ 14,650. ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಎರಡು ಹೋಳು.

ಅವತ್ತು ಯಾರು ಸರಿ ಅಂತ ಇವತ್ತೂ ಜಗಳ ಆಡಬಹುದು. ನಿಜಲಿಂಗಪ್ಪನವರು ರೆಡ್ಡಿಗೆ ಎರಡನೇ ಪ್ರಾಶಸ್ತ್ಯ ಕೇಳೋಕೆ ಸ್ವತಂತ್ರ ಪಕ್ಷದ, ಜನಸಂಘದ ನಾಯಕರ ಹತ್ತಿರ ಮಾತಾಡಿದ್ದು ತಪ್ಪು ಅನ್ನೋರು ಇದ್ದಾರೆ. ತಾನೇ ಸಹಿ ಹಾಕಿದ ಅಭ್ಯರ್ಥಿಯನ್ನು ಸೋಲಿಸಿದ್ದು ಯಾವ ಆತ್ಮಸಾಕ್ಷಿ ಅಂತ ಕೇಳೋರೂ ಇದ್ದಾರೆ. ನನ್ನ ಪ್ರಶ್ನೆ ಬೇರೆ. ದೇಶದ ರಾಜಕಾರಣದ ದಾರಿಯನ್ನೇ ತಿರುಗಿಸಿದ ಆ ಮತದಾನದಲ್ಲಿ ಯಾವ ಊರಿನ ಶಾಸಕ ಯಾರ ಕಡೆ ನಿಂತ ಅಂತ ಆ ಊರಿನ ಜನರಿಗೆ ದಾಖಲೆಯಲ್ಲಿ ತೋರಿಸೋಕೆ ಏನೂ ಇಲ್ಲ. ಬಾಯಲ್ಲಿ ಹೇಳಿದ್ದು ಒಂದು, ನೇರವಾಗಿ ಹಾಕಿದ್ದು ಇನ್ನೊಂದು ಆಗಿದ್ದರೂ ಕೇಳೋರಿಲ್ಲ. ಗೆದ್ದ ಕಡೆಗೆ ಆಮೇಲೆ ಎಲ್ಲರೂ ಸೇರಿಕೊಳ್ಳಬಹುದಿತ್ತು, "ನಾನೂ ಅವತ್ತೇ ಹಾಕಿದ್ದೆ" ಅನ್ನಬಹುದಿತ್ತು. ಬೆಲೆ ತೆರದ ಆತ್ಮಸಾಕ್ಷಿಯನ್ನು ಆತ್ಮಸಾಕ್ಷಿ ಅಂತ ಹೇಗೆ ಕರೆಯೋದು?

ನಮ್ಮ ಕಡೆ ತೋಟಗಳಲ್ಲಿ ರೈಟರು ಅಂತ ಇರ್ತಾರೆ. ಸಾಹುಕಾರರು ಬೆಂಗಳೂರಲ್ಲೋ ಹಾಸನದಲ್ಲೋ ಇದ್ದರೆ ಆಳಿನ ಲೆಕ್ಕ, ಗೊಬ್ಬರ, ಕಾಳುಮೆಣಸು ಮಾರೋದು ಎಲ್ಲಾ ರೈಟರ ಕೈಲಿ. ಒಳ್ಳೇ ಸಾಹುಕಾರ ರೈಟರಿಗೆ ಫೋನಿನಲ್ಲಿ ಹೊತ್ತುಹೊತ್ತಿಗೆ ಅಪ್ಪಣೆ ಕೊಡ್ತಾ ಕೂರಲ್ಲ. "ರೇಟು ನೋಡಿ, ನಿನಗೆ ಸರಿ ಅನ್ನಿಸಿದಾಗ ಮಾರು" ಅಂತಾನೆ. ಆದರೆ ಮೆಣಸು ಮಾರಿ ಬಂದ ರೈಟರು, "ಮಾರಿದೆ ಸಾರ್, ಯಾರಿಗೆ, ಎಷ್ಟಕ್ಕೆ ಅನ್ನೋದು ಗುಟ್ಟು, ನನ್ನ ಆತ್ಮಸಾಕ್ಷಿಯ ವಿಷಯ" ಅಂದ್ರೆ? ಆ ರೈಟರು ಮಾರನೇ ದಿನ ತೋಟದಲ್ಲಿ ಇರ್ತಾರಾ?

ನನ್ನ ಕೆಲಸದಲ್ಲೂ ಇದೇ ನಿಯಮ. ಕೋಡ್ ಹೇಗೆ ಬರೀಬೇಕು ಅಂತ ನನಗೆ ಸಾಕಷ್ಟು ಸ್ವಾತಂತ್ರ್ಯ ಇದೆ. ಆದರೆ 'ಗಿಟ್ ಬ್ಲೇಮ್' ಅಂತ ಒಂದು ಕಮಾಂಡ್ ಇದೆ. ಅದನ್ನು ಹೊಡೆದರೆ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಯಾರು, ಯಾವತ್ತು ಬರೆದರು ಅಂತ ಬರುತ್ತೆ. ಹೆಸರು ಬರುತ್ತೆ ಅಂತ ಯಾರೂ ಕೋಡ್ ಬರೆಯೋದು ನಿಲ್ಲಿಸಿಲ್ಲ. ಬರೆಯುವ ಮುಂಚೆ ಎರಡು ಸಲ ಯೋಚಿಸ್ತೀವಿ ಅಷ್ಟೆ. ಮೂವತ್ತು ಸಾಲಿನ ಪ್ರೋಗ್ರಾಮಿಗೆ ಇರುವ ಹೊಣೆಗಾರಿಕೆ ರಾಷ್ಟ್ರಪತಿ ಆಯ್ಕೆಗೆ ಬೇಡವಾ?

"ಮುಕ್ತ ಮತದಾನ ರಾಜ್ಯಸಭೆಗೆ ಇದೆಯಲ್ಲ, ಅದರಿಂದ ಏನು ಕಡಿದು ಕಟ್ಟೆ ಹಾಕಿದ್ದೀರಿ?" ಅಂತ ಯಾರಾದರೂ ಕೇಳ್ತಾರೆ. ಒಳ್ಳೇ ಪ್ರಶ್ನೆ. 2003ರಲ್ಲಿ ಕಾನೂನು ತಿದ್ದಿ ರಾಜ್ಯಸಭೆಗೆ ಮುಕ್ತ ಮತದಾನ ತಂದರು. 2006ರಲ್ಲಿ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದು ಎಂಥಾ 'ಮುಕ್ತ' ಅಂತ ನಿಯಮ ಓದಿ ನೋಡಿ. ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ತೋರಿಸದಿದ್ದರೆ ಮತ ರದ್ದು. ಬೇರೆ ಯಾರಿಗಾದರೂ ತೋರಿಸಿದರೂ ರದ್ದು! 2017ರ ಆಗಸ್ಟ್‌ನಲ್ಲಿ ಗುಜರಾತಿನಲ್ಲಿ ಇಬ್ಬರು ಕಾಂಗ್ರೆಸ್ ಶಾಸಕರ ಮತ ರದ್ದಾಗಿದ್ದು ಈ ಕಾರಣಕ್ಕೇ, ಅಹ್ಮದ್ ಪಟೇಲ್ ಗೆದ್ದಿದ್ದೂ ಆ ರದ್ದಿನಿಂದಲೇ. ಅಂದ್ರೆ ಶಾಸಕನ ಮತ ನೋಡುವ ಹಕ್ಕು ಪಕ್ಷಕ್ಕಿದೆ, ಅವನನ್ನು ಆರಿಸಿ ಕಳಿಸಿದ ನನಗಿಲ್ಲ. ಇದನ್ನು ಮುಕ್ತ ಮತದಾನ ಅನ್ನಲ್ಲ, ಯಜಮಾನನಿಗೆ ಲೆಕ್ಕ ಒಪ್ಪಿಸೋದು ಅಂತಾರೆ. ಅದೂ ಯಜಮಾನ ಬೇರೆಯವನು.

ರಾಷ್ಟ್ರಪತಿ ಚುನಾವಣೆಯಲ್ಲಿ ಯಾರಿಗೂ ಕಾಣೋದಿಲ್ಲ, ರಾಜ್ಯಸಭೆಯಲ್ಲಿ ಪಕ್ಷಕ್ಕೆ ಮಾತ್ರ ಕಾಣುತ್ತೆ. ಎರಡರಲ್ಲೂ ಹೊರಗೆ ನಿಂತವನು ಒಬ್ಬನೇ, ಮತದಾರ.

ಆದರೂ ಅರೆಬರೆ ಬೆಳಕು ಬಿದ್ದಾಗಲೂ ಏನಾಗುತ್ತೆ ನೋಡಿ. 2016ರ ಜೂನ್‌ನಲ್ಲಿ ಜೆಡಿಎಸ್‌ನ ಎಂಟು ಶಾಸಕರು ಪಕ್ಷ ಬಿಟ್ಟು ಕಾಂಗ್ರೆಸ್ ಅಭ್ಯರ್ಥಿಗೆ ಅಡ್ಡ ಮತ ಹಾಕಿದರು. ಮುಕ್ತ ಮತದಾನ ಆದ್ದರಿಂದ ಹೆಸರು ಗುಟ್ಟಾಗಿ ಉಳಿಯಲಿಲ್ಲ. 2018ರಲ್ಲಿ ಅವರಲ್ಲಿ ಕೆಲವರು ಕಾಂಗ್ರೆಸ್ಸಿನಿಂದ ನಿಂತರು. ಚಾಮರಾಜಪೇಟೆಯ ಜನ ಜಮೀರ್ ಅಹ್ಮದ್ ಅವರನ್ನು ಗೆಲ್ಲಿಸಿದರು. ನಾಗಮಂಗಲದ ಜನ ಚಲುವರಾಯಸ್ವಾಮಿ ಅವರನ್ನು ಸೋಲಿಸಿದರು, 2023ರಲ್ಲಿ ಮತ್ತೆ ಗೆಲ್ಲಿಸಿದರು. ಸೋಲು ಗೆಲುವಿಗೆ ಇನ್ನೂ ಹತ್ತು ಕಾರಣ ಇರ್ತವೆ, ಒಪ್ತೀನಿ. ಆದರೆ ಆ ಮತ ಜನರ ಮುಂದೆ ಇತ್ತು, ಜನ ಅದನ್ನು ಗೊತ್ತಿದ್ದೇ ತೀರ್ಪು ಕೊಟ್ಟರು. 2022ರಲ್ಲಿ ಕೋಲಾರದ ಜೆಡಿಎಸ್ ಶಾಸಕ ಶ್ರೀನಿವಾಸಗೌಡರು ಮತ ಹಾಕಿ ಹೊರಗೆ ಬಂದು, ಕಾಂಗ್ರೆಸ್ಸಿಗೆ ಹಾಕಿದೆ ಅಂತ ಕ್ಯಾಮೆರಾ ಮುಂದೆಯೇ ಹೇಳಿದರು. ಅವರ ನಿಲುವು ನಿಮಗೆ ಹಿಡಿಸಬಹುದು, ಹಿಡಿಸದೇ ಇರಬಹುದು. ಹೇಳಿದರಲ್ಲ, ಅಷ್ಟು ಸಾಕು. 2024ರ ಫೆಬ್ರವರಿಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಕಡೆ ಮತ ಹಾಕಿದರು, ಶಿವರಾಮ್ ಹೆಬ್ಬಾರ್ ಮತದಾನಕ್ಕೇ ಹೋಗಲಿಲ್ಲ. ಮರುವರ್ಷ ಪಕ್ಷ ಇಬ್ಬರನ್ನೂ ಉಚ್ಚಾಟಿಸಿತು. ಅದು ಪಕ್ಷದ ಹಕ್ಕು. ಯಶವಂತಪುರ, ಯಲ್ಲಾಪುರದ ಜನ ಏನು ಹೇಳ್ತಾರೆ ಅನ್ನೋದು ಅವರ ಹಕ್ಕು. ಹೀಗೇ ಇರಬೇಕು. ಪಕ್ಷ ಬೇಕಾದರೆ ಹೊರಗೆ ಹಾಕಲಿ, ಸ್ಥಾನ ಕಿತ್ತುಕೊಳ್ಳುವ ಅಧಿಕಾರ ಮಾತ್ರ ಜನರ ಕೈಲಿರಲಿ.

ಈಗ ಗುಪ್ತ ಮತದಾನದ ಪರವಾಗಿ ಇರುವ ಗಟ್ಟಿ ವಾದಕ್ಕೆ ಬರ್ತೀನಿ. ಗುಟ್ಟಿದ್ದರೆ ಮತ ಕೊಂಡವನಿಗೆ ಖಾತ್ರಿ ಇರೋದಿಲ್ಲ. ದುಡ್ಡು ತಗೊಂಡವನು ಹಾಕಿದನೋ ಇಲ್ಲವೋ ಅಂತ ನೋಡೋಕೆ ಆಗಲ್ಲ, ಹಾಗಾಗಿ ವ್ಯಾಪಾರ ಕುದುರಲ್ಲ. ಲಕ್ಷಾಂತರ ಜನ ಮತ ಹಾಕುವ ಕಡೆ ಇದು ನೂರಕ್ಕೆ ನೂರು ನಿಜ. ಆದರೆ ಇನ್ನೂರು ಚಿಲ್ಲರೆ ಜನ, ಅದೂ ಪ್ರಾಶಸ್ತ್ಯದ ಮತ ಹಾಕುವ ಕಡೆ? ಆರು ಜನ ಅಭ್ಯರ್ಥಿಗಳಿದ್ದರೆ 1ರಿಂದ 6ರವರೆಗೆ ಅಂಕಿ ಬರೆಯೋಕೆ 720 ದಾರಿ ಇವೆ. "1 ನಮ್ಮವರಿಗೆ, ಉಳಿದದ್ದು ಈ ಕ್ರಮದಲ್ಲಿ" ಅಂತ ಒಬ್ಬೊಬ್ಬರಿಗೆ ಒಂದೊಂದು ಕ್ರಮ ಹೇಳಿಕೊಟ್ಟರೆ ಆ ಮತಪತ್ರವೇ ಸಹಿ ಆಗಿಬಿಡುತ್ತೆ. ಎಣಿಕೆ ಮೇಜಿನ ಎದುರು ಕೂತ ಏಜೆಂಟನಿಗೆ ಓದೋಕೆ ಬಂದರೆ ಸಾಕು. 1969ರಲ್ಲಿ 15 ಜನ ಕಣದಲ್ಲಿದ್ದರು. ಇಬ್ಬರೇ ಇದ್ದಾಗ ಈ ಆಟ ನಡೆಯೋದಿಲ್ಲ, ಸರಿ. ಆದರೆ ಆಗಲೂ ಗುಟ್ಟು ಕಾಪಾಡೋದು ಯಾರನ್ನು? ಕೊಂಡವನಿಗೆ ನಷ್ಟ ಆಗಬಹುದು, ಆದರೆ ಮಾರಿಕೊಂಡವನು ಸಿಕ್ಕಿಬೀಳಲ್ಲ. ಬೆಳಕಿದ್ದರೆ ಕೊಡುವವನಿಗೆ ಖಾತ್ರಿ ಸಿಗುತ್ತೆ, ನಿಜ. ಜೊತೆಗೆ "ಇವನು ಇದ್ದಕ್ಕಿದ್ದ ಹಾಗೆ ಅತ್ತ ಯಾಕೆ ಹಾಕಿದ?" ಅಂತ ಊರಿಗೆ ಊರೇ ಕೇಳುತ್ತೆ. ಉತ್ತರ ಇದ್ದವನು ಹೇಳ್ತಾನೆ, ಇಲ್ಲದವನು ತಡವರಿಸ್ತಾನೆ.

ಹಾಗಾದರೆ ಎಲ್ಲ ಕಡೆ ಪರದೆ ಕಿತ್ತುಹಾಕೋಣವಾ? ಬೇಡ. ಇಲ್ಲಿ ನಮ್ಮೂರಿನ ಕಡೆಯ ಇನ್ನೊಂದು ಮತದಾನದ ಮಾತು ಹೇಳಲೇಬೇಕು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸ್ತಾರೆ. ಗ್ರಾಮ ಪಂಚಾಯಿತಿ ಸದಸ್ಯರೂ ಅದರಲ್ಲಿ ಮತದಾರರು. 2021ರ ಡಿಸೆಂಬರ್ 10ರಂದು ಹಾಗೆ ಚುನಾವಣೆ ನಡೆಯಿತು. ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಈ ಸದಸ್ಯರಿಗೆ ಕಾಗದದ ಮೇಲೆ ಯಾವ ಹೈಕಮಾಂಡೂ ಇಲ್ಲ. ಆ ದಿನಗಳಲ್ಲಿ ಮೀಸಲು ಸ್ಥಾನದಿಂದ ಗೆದ್ದ, ತೋಟದ ಕೂಲಿಗೂ ಹೋಗುವ ಒಬ್ಬ ಅಕ್ಕನ ಹತ್ತಿರ ಮಾತಾಡ್ತಾ, "ಅಕ್ಕಾ, ನೀವೆಲ್ಲ ಕೈ ಎತ್ತಿ ಹಾಕೋ ಹಾಗಿದ್ದರೆ ಒಳ್ಳೇದಲ್ವಾ?" ಅಂದೆ. ಅವರು ನಕ್ಕು, "ಹಂಗ್ ಮಾಡಿದ್ರೆ ನಾಳೆ ನಂಗೆ ಕೆಲ್ಸ ನೀನು ಕೊಡ್ತೀಯೇನಪ್ಪಾ?" ಅಂದರು.

ಇದಕ್ಕಿಂತ ಚೆನ್ನಾಗಿ ಗುಪ್ತ ಮತದಾನದ ಅರ್ಥ ಯಾರೂ ಹೇಳೋಕಾಗಲ್ಲ. ಗುಟ್ಟು ಇರೋದು ಬಲ ಇಲ್ಲದವರಿಗೆ. ಸಾಮಾನ್ಯ ಮತದಾರನಿಗೆ ಅದು ಬೇಕೇ ಬೇಕು, ಅವನು ತನ್ನ ಪರವಾಗಿ ಮಾತ್ರ ಮಾತಾಡ್ತಾನೆ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಯಾರದೋ ತೋಟದ ಕೂಲಿಯನ್ನು ನಂಬಿದ ಪಂಚಾಯಿತಿ ಸದಸ್ಯೆಗೂ ಬೇಕು, ಆ ಅಕ್ಕನಿಗೆ ಪರದೆ ಕೊಡೆ ಇದ್ದ ಹಾಗೆ. ಆದರೆ ಗನ್‌ಮ್ಯಾನ್, ಕಾರು, ಪಿಂಚಣಿ, ಸದನದ ವಿಶೇಷ ಹಕ್ಕು ಎಲ್ಲಾ ಇರುವ ಶಾಸಕ ಯಾವ ಮಳೆಗೆ ಹೆದರಿ ಅದೇ ಕೊಡೆ ಕೆಳಗೆ ನಿಂತಿದ್ದಾನೆ? ಅಕ್ಕನಿಗೆ ಹೋಗೋದು ಅನ್ನ. ಇವನಿಗೆ ಹೋಗೋದು ಮುಂದಿನ ಟಿಕೆಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬದಲಾಯಿಸೋದು ಸುಲಭ ಅಲ್ಲ ಅಂತ ಗೊತ್ತು. 55ನೇ ವಿಧಿ ತಿದ್ದೋಕೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬೆಂಬಲ ಸಾಲದು, 368ನೇ ವಿಧಿ ಪ್ರಕಾರ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಅಂದ್ರೆ ಪರದೆ ಹಿಂದೆ ಇರುವವರೇ ಪರದೆ ಸರಿಸಬೇಕು. ರಾಜ್ಯಸಭೆಯದು ಅಷ್ಟು ಕಷ್ಟ ಅಲ್ಲ. ಏಜೆಂಟನಿಗೆ ಮಾತ್ರ ತೋರಿಸಬೇಕು ಅನ್ನೋ ನಿಯಮ ತೆಗೆದು, ಮತದಾನ ಮುಗಿದ ಮೇಲೆ ಯಾರು ಯಾರಿಗೆ ಹಾಕಿದರು ಅಂತ ಆಯೋಗ ಪಟ್ಟಿ ಹಾಕಿದರೆ ಆಯಿತು. ಅಲ್ಲಿಂದ ಶುರು ಮಾಡಲಿ.

ಕಾನೂನು ಬದಲಾಗುವ ತನಕ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ. ಅದಕ್ಕೆ ಮುಂಚೆ ನಿಮ್ಮೂರಿನ ಜಾತ್ರೆಗೋ, ಗುದ್ದಲಿ ಪೂಜೆಗೋ ಶಾಸಕರು ಬಂದೇ ಬರ್ತಾರೆ. ಹಾರ ಹಾಕೋರು ಹಾಕಲಿ, ಫೋಟೋ ತೆಗೆಸಿಕೊಳ್ಳೋರು ತೆಗೆಸಿಕೊಳ್ಳಲಿ. ಯಾರಾದರೂ ಒಬ್ಬರು ಮುಂದೆ ಹೋಗಿ ಮರ್ಯಾದೆಯಿಂದಲೇ ಕೇಳಿ: "ಸಾರ್, ರಾಷ್ಟ್ರಪತಿಗೆ ಯಾರಿಗೆ ಹಾಕ್ತೀರಿ, ಯಾಕೆ?" ಮತಪತ್ರ ತೋರಿಸೋದಕ್ಕೆ ನಿಯಮ ಬಿಡಲ್ಲ, ಮನಸ್ಸಲ್ಲಿರೋದನ್ನು ಮೊದಲೇ ಹೇಳೋದಕ್ಕೆ ಯಾವ ನಿಯಮವೂ ಅಡ್ಡ ಬರೋದಿಲ್ಲ. ಅವರು ಕೊಡುವ ಉತ್ತರ, ಅಥವಾ ಕೊಡದೇ ಇರುವ ಉತ್ತರ, ಎರಡನ್ನೂ ನೆನಪಲ್ಲಿಟ್ಟುಕೊಳ್ಳಿ. ಅವರ ಕೈಯಲ್ಲಿರೋ 131, ನಮ್ಮಪ್ಪ ಅಮ್ಮಂದಿರ ತಲೆಯೆಣಿಕೆ. ಅದಕ್ಕೆ ಲೆಕ್ಕ ಕೇಳೋದು ಉದ್ಧಟತನ ಅಲ್ಲ.